ಸಿಎಸ್ ಸಿಕ್ತಾ?

ಸಿಇಟಿ ಆಪ್ಷನ್ ಎಂಟ್ರಿಗೆ ಅವತ್ತೇ ಕೊನೆಯ ದಿನ. ತುಮಕೂರಿನ ಬಸ್ ಸ್ಟ್ಯಾಂಡಿನ ಹತ್ತಿರದ ಒಂದು ಸೈಬರ್ ಸೆಂಟರಿನಲ್ಲಿ ನಾನು ಪಹಣಿ ತೆಗೆಸಲು ಕಾಯುತ್ತಾ ನಿಂತಿದ್ದೆ. ಮುಂದಿನ ಕುರ್ಚಿಗಳಲ್ಲಿ ಒಬ್ಬ ತಂದೆ, ಪಕ್ಕದಲ್ಲಿ ಮಗಳು. ಮಗಳ ಕೈಯಲ್ಲಿ ನೋಟ್‌ಬುಕ್ಕಿನಿಂದ ಹರಿದ ಹಾಳೆ. ಅದರಲ್ಲಿ ನೀಲಿ ಪೆನ್ನಿನಲ್ಲಿ ಅಂಕಿ ಹಾಕಿ ಬರೆದ ಕಾಲೇಜುಗಳ ಪಟ್ಟಿ. ಅಂಗಡಿಯ ಹುಡುಗ ಹಾಳೆಯ ಕಡೆ ನೋಡಲೇ ಇಲ್ಲ. "ರ‍್ಯಾಂಕ್ ಎಷ್ಟಮ್ಮ?" ಅಂದ. ಹೇಳಿದಳು. "ಸರಿ. ಮೊದ್ಲು ಎಲ್ಲಾ ಕಾಲೇಜಿನ ಸಿಎಸ್ ಹಾಕ್ಬಿಡ್ತೀನಿ. ಆಮೇಲೆ ಐಎಸ್ಸು, ಎಐಎಂಎಲ್ಲು, ಡೇಟಾ ಸೈನ್ಸು. ಅದೂ ಬರ್ಲಿಲ್ಲ ಅಂದ್ರೆ ಇಸಿ." ಹುಡುಗಿ "ಅಣ್ಣಾ, ಸಿವಿಲ್ಲು..." ಅಂದಳು. ಹುಡುಗ ಕೀಬೋರ್ಡಿನಿಂದ ಕೈ ತೆಗೆಯದೆ ನಕ್ಕ. "ಸಿವಿಲ್ ಎಲ್ಲಿಗೂ ಓಡಿಹೋಗಲ್ಲ ಕಣಮ್ಮ. ಕೊನೇಲಿ ಹಾಕ್ತೀನಿ. ಅದನ್ನ ಯಾರೂ ಮುಟ್ಟಲ್ಲ." ತಂದೆ ಏನೂ ಹೇಳಲಿಲ್ಲ. ಗೊತ್ತಿರುವವರ ಕೈಗೆ ಒಪ್ಪಿಸಿದೆನೆಂಬ ನೆಮ್ಮದಿ ಅವರ ಮುಖದಲ್ಲಿತ್ತು. ನಾನು ನಿಂತಲ್ಲಿಂದ ಹಾಳೆ ಕಾಣುತ್ತಿತ್ತು. ಮೊದಲ ನಾಲ್ಕೂ ಸಾಲಿನಲ್ಲಿ ಸಿವಿಲ್ ಇತ್ತು.

ಪ್ರಿಂಟ್ ಸೇರಿ ಎಂಬತ್ತು ರೂಪಾಯಿ. ಹಾಳೆ ನಾಲ್ಕು ಮಡಿಕೆಯಾಗಿ ಬ್ಯಾಗಿನೊಳಗೆ ಹೋಯಿತು.

ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ರಾಜ್ಯದ ಅಷ್ಟೂ ಪಿಯು ಕಾಲೇಜುಗಳ ಸ್ಟಾಫ್ ರೂಮು, ಅಷ್ಟೂ ಮದುವೆಮನೆಗಳ ಊಟದ ಪಂಕ್ತಿ, ಅಷ್ಟೂ ಕೋಚಿಂಗ್ ಸೆಂಟರುಗಳ ಫ್ಲೆಕ್ಸು ಹೇಳುವುದನ್ನೇ ಅವನೂ ಹೇಳಿದ. ಯಾವ ವಿಷಯಕ್ಕೆ ನೂಕುನುಗ್ಗಲೋ ಅದೇ ಒಳ್ಳೆಯ ವಿಷಯ; ಯಾವುದರ ಕಟಾಫ್ ಮೇಲಿದೆಯೋ ಅದೇ ಮೇಲಿನ ವಿದ್ಯೆ; ಗಿರಾಕಿ ಇಲ್ಲದ್ದನ್ನು ಮುಚ್ಚಿಬಿಡಬೇಕು. ಈ ಮಾತು ಈಗ ಎಷ್ಟು ಸಲೀಸಾಗಿದೆಯೆಂದರೆ ಇದೊಂದು ಅಭಿಪ್ರಾಯ ಎಂಬುದೇ ನಮಗೆ ಮರೆತುಹೋಗಿದೆ. ಮಳೆಗಾಲದಲ್ಲಿ ಮಳೆ ಬರುತ್ತದೆ ಎನ್ನುವಷ್ಟೇ ಸಹಜವಾಗಿ "ಸಿಎಸ್‌ಗೇ ಸ್ಕೋಪು" ಎನ್ನುತ್ತೇವೆ. ಮಕ್ಕಳ ರಿಸಲ್ಟ್ ಬಂದರೆ ನಾವು ಕೇಳುವುದು "ಏನು ಓದ್ತೀಯಪ್ಪಾ?" ಎಂದಲ್ಲ, "ಸಿಎಸ್ ಸಿಕ್ತಾ?" ಎಂದು. ಸಿಕ್ಕಿತು ಎಂದರೆ ಸಿಹಿ. ಇಲ್ಲವೆಂದರೆ ಸಾವಿನ ಮನೆಯ ದನಿಯಲ್ಲಿ "ಪರವಾಗಿಲ್ಲ ಬಿಡಿ, ಇಸಿನೂ ಚೆನ್ನಾಗಿದೆ."

ಕಂಪ್ಯೂಟರ್ ಸೈನ್ಸ್ ಎಂಬ ವಿದ್ಯೆಯ ಮೇಲೆ ನನಗೆ ತಕರಾರಿಲ್ಲ. ಅದು ಚೆಲುವಾದ ವಿದ್ಯೆ, ಗಣಿತದ ಹೊಟ್ಟೆಯಲ್ಲಿ ಹುಟ್ಟಿದ್ದು. ಅದನ್ನು ಸಂತೆಯ ಸರಕು ಮಾಡಿ, ಉಳಿದ ವಿದ್ಯೆಗಳನ್ನೆಲ್ಲ ಅದರ ಬಾಗಿಲಲ್ಲಿ ನಿಲ್ಲಿಸಿ, ಇದೇ ಲೋಕಜ್ಞಾನ ಎಂದು ಬೀಗುವವರ ಮೇಲೆ ತಕರಾರು.

ಬೇಡಿಕೆ ಇದೆ ಅನ್ನುತ್ತಾರೆ. ಯಾರ ಬೇಡಿಕೆ? ಕಟಾಫ್ ಎಂದರೇನು ಎಂದು ಒಂದು ಸಲ ಬಿಡಿಸಿ ನೋಡಿ. ಒಂದು ಕೋರ್ಸಿನ ಕೊನೆಯ ಸೀಟು ಯಾವ ರ‍್ಯಾಂಕಿನವರಿಗೆ ಹೋಯಿತೋ ಅದು ಕಟಾಫ್. ಅಷ್ಟೇ. ಅದರಲ್ಲಿ ಪಾಠದ ಗುಣಮಟ್ಟವಿಲ್ಲ, ಮೇಷ್ಟ್ರ ಯೋಗ್ಯತೆಯಿಲ್ಲ, ಲ್ಯಾಬಿನ ಸ್ಥಿತಿಯಿಲ್ಲ, ನಾಡಿಗೆ ಏನು ಬೇಕು ಎಂಬ ಲೆಕ್ಕವಂತೂ ಇಲ್ಲವೇ ಇಲ್ಲ. ಹೋದ ವರ್ಷದ ಮಕ್ಕಳು ಯಾವುದಕ್ಕೆ ಹೆದರಿ ಯಾವುದರತ್ತ ಓಡಿದರು ಎಂಬುದಷ್ಟೇ ಇದೆ. ಈ ವರ್ಷದ ಮಕ್ಕಳು ಆ ಪಟ್ಟಿ ನೋಡಿಕೊಂಡು ಆಪ್ಷನ್ ಹಾಕುತ್ತಾರೆ. "ಒಳ್ಳೇ ರ‍್ಯಾಂಕ್ ವೇಸ್ಟ್ ಮಾಡ್ಕೋಬೇಡ" ಎಂದು ಲೆಕ್ಚರರೇ ಹೇಳುತ್ತಾರೆ. ಹಾಗಾಗಿ ಅದೇ ಕಟಾಫ್ ಮತ್ತೆ ಮೇಲೇರುತ್ತದೆ. ಬರುವ ವರ್ಷದ ಮಕ್ಕಳು ಅದನ್ನು ನೋಡಿಕೊಂಡು ಓಡುತ್ತಾರೆ. ಹಿಂದಿನ ಕುರಿಗೆ ಮುಂದಿನ ಕುರಿಯ ಬಾಲವೇ ದಾರಿ. ಇದಕ್ಕೆ ನಾವು ಇಟ್ಟಿರುವ ಹೆಸರು ಬೇಡಿಕೆ. ಹದಿನೇಳು ವರ್ಷದ ಮಗು ಜನ್ಮದಲ್ಲಿ ಒಬ್ಬ ಭೂವಿಜ್ಞಾನಿಯನ್ನು ನೋಡಿಲ್ಲ, ಸಂಖ್ಯಾಶಾಸ್ತ್ರ ಓದಿದವರು ಏನು ಕೆಲಸ ಮಾಡುತ್ತಾರೆಂದು ಯಾರೂ ಹೇಳಿಲ್ಲ. ತೋರಿಸದ್ದನ್ನು ಅದು ಬೇಡುವುದಾದರೂ ಹೇಗೆ?

ಈ ಓಟಕ್ಕೆ ಬೇಲಿ ಹಾಕಬೇಕಾದವರು ಬೇಲಿಯನ್ನೇ ಕಿತ್ತರು. ಒಂದು ಕಾಲೇಜು ಒಂದು ಬ್ರಾಂಚಿನಲ್ಲಿ 240ಕ್ಕಿಂತ ಹೆಚ್ಚು ಸೀಟು ಇಟ್ಟುಕೊಳ್ಳುವಂತಿಲ್ಲ ಎಂಬ ಮಿತಿಯಿತ್ತು. 2024-25ರ ಸಾಲಿನಿಂದ ತಾಂತ್ರಿಕ ಶಿಕ್ಷಣದ ಕೇಂದ್ರ ಮಂಡಳಿ ಎಐಸಿಟಿಇ ಅದನ್ನು ಎತ್ತಿಬಿಟ್ಟಿತು. ಗಾಳಿ ಬಂದಾಗ ತೂರಿಕೊಳ್ಳುವುದರಲ್ಲಿ ನಮ್ಮ ಕಾಲೇಜು ಮಾಲೀಕರಿಗೆ ಯಾರೂ ಪಾಠ ಹೇಳಿಕೊಡಬೇಕಿಲ್ಲ. ಸಿವಿಲ್ಲಿನ ಸೀಟು ಕತ್ತರಿಸಿದರು, ಮೆಕ್ಯಾನಿಕಲ್ಲಿನದು ಕತ್ತರಿಸಿದರು, ಕತ್ತರಿಸಿದ್ದನ್ನೆಲ್ಲ ಕಂಪ್ಯೂಟರಿಗೆ ಹೊಲಿದರು. ಸಿಎಸ್, ಐಎಸ್, ಎಐಎಂಎಲ್, ಡೇಟಾ ಸೈನ್ಸ್, ಸೈಬರ್ ಸೆಕ್ಯುರಿಟಿ, ಐಒಟಿ: ಬೋರ್ಡು ಆರು, ಪಾಠ ಬಹುಪಾಲು ಒಂದೇ. ಒಂದೇ ಹಿಟ್ಟಿನಲ್ಲಿ ದೋಸೆ, ಪಡ್ಡು, ಊತಪ್ಪ ಹುಯ್ದು ಮೂರು ರೇಟು ಬರೆದ ಹೋಟೆಲಿನ ಹಾಗೆ. ಹೋಟೆಲಿನವರು ಕನಿಷ್ಠ ಹಿಟ್ಟನ್ನಾದರೂ ಸರಿಯಾಗಿ ರುಬ್ಬುತ್ತಾರೆ.

ಪಾಠ ಹೇಳುವವರು ಎಲ್ಲಿಂದ ಬರುತ್ತಾರೆ ಎಂದು ಯಾರಾದರೂ ಕೇಳಿದ್ದೀರಾ? ಸಿಎಸ್ ಓದಿದವರು ಕಂಪನಿಗೆ ಹೋಗುತ್ತಾರೆ. ಎಂಟೆಕ್ ಮಾಡಿ, ಪಿಎಚ್‌ಡಿ ಮಾಡಿ, ಖಾಸಗಿ ಕಾಲೇಜಿನ ಸಂಬಳಕ್ಕೆ ಯಾರು ಬರುತ್ತಾರೆ? ನನಗೆ ಪರಿಚಯದ ಮೆಕ್ಯಾನಿಕಲ್ ಮೇಷ್ಟ್ರೊಬ್ಬರಿದ್ದಾರೆ. ಇಪ್ಪತ್ತು ವರ್ಷ ಥರ್ಮೋಡೈನಮಿಕ್ಸ್ ಹೇಳಿದವರು. ಅವರ ವಿಭಾಗಕ್ಕೆ ಹುಡುಗರು ಬರುವುದು ನಿಂತಮೇಲೆ ಕಾಲೇಜಿನವರು ಎರಡು ದಾರಿ ತೋರಿಸಿದರು: ರಾಜೀನಾಮೆ ಅಥವಾ ಪೈಥಾನ್. ಅವರು ಪೈಥಾನ್ ಆರಿಸಿಕೊಂಡರು. "ಹುಡುಗರಿಗಿಂತ ಎರಡು ಚಾಪ್ಟರ್ ಮುಂದಿರ್ತೀನಿ ಸಾರ್, ಅಷ್ಟೇ" ಎಂದು ನಕ್ಕರು. ಅವರ ವರ್ಕ್‌ಶಾಪಿಗೆ ಕರೆದುಕೊಂಡು ಹೋದರು. ಲೇತ್ ಮಷೀನುಗಳನ್ನು ಒಂದು ಮೂಲೆಗೆ ಒತ್ತರಿಸಿ ನೀಲಿ ಟಾರ್ಪಾಲು ಹೊದಿಸಿದ್ದರು. ಉಳಿದ ಜಾಗಕ್ಕೆ ಅಲ್ಯುಮಿನಿಯಂ ಪಾರ್ಟಿಷನ್, ಒಳಗೆ ಸಾಲು ಕಂಪ್ಯೂಟರು, ಬಾಗಿಲ ಮೇಲೆ 'ಎಐ ಲ್ಯಾಬ್'. ಮೇಷ್ಟ್ರು ಟಾರ್ಪಾಲಿನ ಅಂಚೆತ್ತಿ ಒಂದು ಲೇತಿನ ಚಕ್ ಅನ್ನು ಕೈಯಲ್ಲಿ ತಿರುಗಿಸಿದರು. ತಿರುಗಿತು. ಎಣ್ಣೆ ಯಾರು ಹಾಕುತ್ತಾರೆ ಎಂದು ಕೇಳಿದೆ. "ನಾನೇ" ಅಂದರು.

ಇನ್ನು ಪ್ಯಾಕೇಜು. ಜೂನ್ ಬಂತೆಂದರೆ ಕಾಲೇಜುಗಳು ಕಟ್ಟುವ ಫ್ಲೆಕ್ಸಿನಲ್ಲಿ ಒಬ್ಬ ಹುಡುಗನ ಫೋಟೋ, ಅವನ ಪಕ್ಕ ಒಂದು ದೊಡ್ಡ ಅಂಕಿ. ಉಳಿದ ಮುನ್ನೂರು, ನಾನೂರು ಮಂದಿಯ ಫೋಟೋ ಎಲ್ಲಿ? ದೊಡ್ಡ ಸರ್ವೀಸ್ ಕಂಪನಿಗಳು ಹೊಸಬರಿಗೆ ಕೊಡುವ ಸಂಬಳ ಹತ್ತು ಹನ್ನೆರಡು ವರ್ಷದಿಂದ ಹೆಚ್ಚುಕಮ್ಮಿ ವರ್ಷಕ್ಕೆ ಮೂರು, ಮೂರೂವರೆ ಲಕ್ಷದಲ್ಲೇ ಕೂತಿದೆ. ಅಷ್ಟರಲ್ಲಿ ಬೆಂಗಳೂರಿನ ಪಿಜಿ ಬಾಡಿಗೆ, ಊಟ, ಬಸ್ಸು ಎಲ್ಲಿಗೆ ಮುಟ್ಟಿದೆ ಎಂದು ಆ ಮಕ್ಕಳನ್ನೇ ಕೇಳಿ. ಊರಿನ ಅತಿ ಎತ್ತರದ ಮನುಷ್ಯನ ಅಳತೆ ತೆಗೆದು ಊರಿಗೆಲ್ಲ ಅಂಗಿ ಹೊಲಿಸುವುದಕ್ಕೆ 'ಹೈಯೆಸ್ಟ್ ಪ್ಯಾಕೇಜ್' ಎಂದು ಹೆಸರು. ಸಾಮಾನ್ಯ ಕೋಡ್ ಬರೆಯುವ ಕೆಲಸವನ್ನು ಯಂತ್ರವೇ ಮಾಡತೊಡಗಿರುವ ಹೊತ್ತಿನಲ್ಲಿ, ಅದೇ ಕೆಲಸಕ್ಕೆ ಇನ್ನಷ್ಟು ಸಾವಿರ ಮಕ್ಕಳನ್ನು ತಯಾರು ಮಾಡಲು ಸೀಟು ಏರಿಸುತ್ತಿದ್ದೇವೆ. ಇದನ್ನು ದೂರದೃಷ್ಟಿ ಎಂದು ಕರೆಯುವವರು ಕನ್ನಡಕ ಬದಲಿಸಬೇಕು.

"ಆದರೂ ಐಟಿ ಕಟ್ಟಿದ್ದು ಸಿಎಸ್‌ನವರೇ ತಾನೆ?" ಎನ್ನುತ್ತೀರಿ. ಅಲ್ಲ. ನಾರಾಯಣ ಮೂರ್ತಿಯವರು ಮೈಸೂರಿನ ಎನ್‌ಐಇಯಲ್ಲಿ 1967ರಲ್ಲಿ ಮುಗಿಸಿದ್ದು ಎಲೆಕ್ಟ್ರಿಕಲ್ ಎಂಜಿನಿಯರಿಂಗ್. ನಂದನ್ ನಿಲೇಕಣಿ ಐಐಟಿ ಬಾಂಬೆಯಲ್ಲಿ ಓದಿದ್ದೂ ಎಲೆಕ್ಟ್ರಿಕಲ್. ಮೈಕ್ರೋಸಾಫ್ಟ್ ನಡೆಸುವ ಸತ್ಯ ನಾದೆಲ್ಲ ನಮ್ಮ ಮಣಿಪಾಲದಲ್ಲಿ ಓದಿದ್ದು ಎಲೆಕ್ಟ್ರಿಕಲ್. ಗೂಗಲ್‌ನ ಸುಂದರ್ ಪಿಚೈ ಐಐಟಿ ಖರಗ್‌ಪುರದಲ್ಲಿ ಓದಿದ್ದು ಲೋಹಶಾಸ್ತ್ರ. ಇವತ್ತು ಆ ಬ್ರಾಂಚ್ ಸಿಕ್ಕಿತೆಂದರೆ ಮನೆಯಲ್ಲಿ ಎರಡು ದಿನ ಒಲೆ ಹೊತ್ತುವುದಿಲ್ಲ. ಎಐ ಎಂದು ಕುಣಿಯುತ್ತಿದ್ದೇವಲ್ಲ, ಆ ಎಐನ ಪಿತಾಮಹ ಎನಿಸಿಕೊಂಡ, 2024ರಲ್ಲಿ ಭೌತಶಾಸ್ತ್ರದ ನೊಬೆಲ್ ಪಡೆದ ಜೆಫ್ರಿ ಹಿಂಟನ್ ಕೇಂಬ್ರಿಜ್‌ನಲ್ಲಿ ಪಡೆದ ಪದವಿ ಪ್ರಾಯೋಗಿಕ ಮನಶ್ಶಾಸ್ತ್ರದ್ದು. ಬೆಂಗಳೂರಿಗೆ ಬಯೊಟೆಕ್ ತಂದ ಕಿರಣ್ ಮಜುಂದಾರ್ ಷಾ ಬೆಂಗಳೂರು ವಿಶ್ವವಿದ್ಯಾಲಯದ ಪ್ರಾಣಿಶಾಸ್ತ್ರದ ಬಿಎಸ್ಸಿ. ಆಮೇಲೆ ಆಸ್ಟ್ರೇಲಿಯಾಕ್ಕೆ ಹೋಗಿ ಬಿಯರ್ ಮಾಡುವ ವಿದ್ಯೆ ಕಲಿತರು. 1978ರಲ್ಲಿ ಬಯೊಕಾನ್ ಶುರುವಾಗಿದ್ದು ಹಾಗೆ. ಇವರ ಕಾಲದಲ್ಲಿ ನಮ್ಮ ಸೈಬರ್ ಸೆಂಟರಿನ ಹುಡುಗ ಇದ್ದಿದ್ದರೆ ಇವರೆಲ್ಲರ ಆಪ್ಷನ್ನನ್ನೂ ತಿದ್ದಿಬಿಡುತ್ತಿದ್ದ.

ಖಾಸಗಿ ಕಾಲೇಜಿಗೆ ಹೊಟ್ಟೆಪಾಡಿನ ನೆಪವಿದೆ. ಸಂಶೋಧನಾ ವಿಶ್ವವಿದ್ಯಾಲಯಕ್ಕೆ ಏನಿದೆ? ನಾನು ಹೇಳುತ್ತಿರುವುದು ಬೆಂಗಳೂರಿನವರು ಇವತ್ತಿಗೂ 'ಟಾಟಾ ಇನ್‌ಸ್ಟಿಟ್ಯೂಟ್' ಎಂದೇ ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಯ ಬಗ್ಗೆ. ಮೈಸೂರು ಅರಸರು 371 ಎಕರೆ ಕೊಟ್ಟು, 1909ರಲ್ಲಿ ಹುಟ್ಟಿ, 1911ರಲ್ಲಿ ರಸಾಯನಶಾಸ್ತ್ರ ಮತ್ತು ವಿದ್ಯುತ್ ತಂತ್ರಜ್ಞಾನದ ಪಾಠದೊಂದಿಗೆ ಬಾಗಿಲು ತೆರೆದ ಸಂಸ್ಥೆ. ನೂರು ವರ್ಷ ಡಿಗ್ರಿ ಮುಗಿಸಿದವರಿಗಷ್ಟೇ ಜಾಗವಿದ್ದ ಆ ಆವರಣಕ್ಕೆ 2011ರಲ್ಲಿ ಪಿಯುಸಿ ಮುಗಿಸಿದ ಮಕ್ಕಳನ್ನು ಕರೆದರು. ನಾಲ್ಕು ವರ್ಷದ ಬಿಎಸ್ ಕೋರ್ಸು. ಅದರ ಕಟ್ಟುವಿಕೆ ನೋಡಿ: ಮೊದಲ ಮೂರು ಸೆಮಿಸ್ಟರ್ ಎಲ್ಲರೂ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಜೀವಶಾಸ್ತ್ರ ಓದಲೇಬೇಕು, ಜೊತೆಗೆ ಒಂದಿಷ್ಟು ಎಂಜಿನಿಯರಿಂಗ್, ಒಂದಿಷ್ಟು ಮಾನವಿಕ. ಎಲ್ಲದರ ರುಚಿ ನೋಡಿದ ಮೇಲೆ ಮೇಜರ್ ಆರಿಸಿಕೊಳ್ಳುವುದು. ಕೊನೆಯ ವರ್ಷ ಸ್ವಂತ ಸಂಶೋಧನೆ. ಹದಿನೇಳು ವರ್ಷದ ಮಗುವನ್ನು ಮನುಷ್ಯನಂತೆ ನಡೆಸಿಕೊಂಡ ಕೋರ್ಸು ಈ ದೇಶದಲ್ಲಿ ಅಪರೂಪ, ಇದು ಅಂಥದ್ದು.

ಸಮಾಜ ಇದಕ್ಕೆ ಕೊಟ್ಟ ಮರ್ಯಾದೆ? ನಮ್ಮ ಪಕ್ಕದ ಮನೆಯ ಹುಡುಗ ಅಲ್ಲಿ ಸೇರಿದ ವರ್ಷ ಅವರ ಬಂಧುಗಳ ಗೃಹಪ್ರವೇಶದಲ್ಲಿ ನಾನೂ ಇದ್ದೆ. ಎಲೆಯ ಮುಂದೆ ಕೂತ ಮಾವನೊಬ್ಬ ಕೇಳಿದ: "ಎಲ್ಲಿ ಸೇರ್ದೆಯೋ?" "ಟಾಟಾ ಇನ್‌ಸ್ಟಿಟ್ಯೂಟು ಮಾವ." "ಭೇಷ್! ಸಿಎಸ್ಸಾ?" "ಅಲ್ಲ ಮಾವ, ಬಿಎಸ್." "ಬಿಎಸ್ಸಿನಾ?" ಮಾವನ ಕೈ ಹೋಳಿಗೆಯ ಮೇಲೇ ನಿಂತಿತು. "ಅದನ್ನ ಓದಕ್ಕೆ ಅಷ್ಟು ದೂರ ಯಾಕೆ ಹೋದ್ಯೋ, ನಮ್ಮೂರ ಡಿಗ್ರಿ ಕಾಲೇಜಲ್ಲೇ ಇತ್ತಲ್ಲ!" ಪಂಕ್ತಿಯಲ್ಲಿ ನಕ್ಕವರೇ ಹೆಚ್ಚು. ಹುಡುಗನೂ ನಕ್ಕ, ಪಾಪ.

ಮಾವ ನಗಲಿ; ಸರ್ಕಾರ ಮತ್ತು ಸಂಸ್ಥೆ ಏನು ಮಾಡಿದವು? ಶಾಲಾ ಮಕ್ಕಳಲ್ಲಿ ವಿಜ್ಞಾನದ ಒಲವಿರುವವರನ್ನು ಹುಡುಕಿ ತೆಗೆಯುತ್ತಿದ್ದ ಕೆವಿಪಿವೈ ಎಂಬ ವಿದ್ಯಾರ್ಥಿವೇತನವಿತ್ತು. 1999ರಿಂದ ನಡೆದು ಬಂದಿತ್ತು, ಅದನ್ನು ನಡೆಸುತ್ತಿದ್ದದ್ದು ಇದೇ ಸಂಸ್ಥೆ, ಬಿಎಸ್ ಕೋರ್ಸಿಗೆ ದೊಡ್ಡ ಬಾಗಿಲೂ ಅದೇ. ಕೇಂದ್ರ ಸರ್ಕಾರ 2022ರಲ್ಲಿ ಅದನ್ನು ನಿಲ್ಲಿಸಿತು, ಇನ್‌ಸ್ಪೈರ್ ಎಂಬ ಇನ್ನೊಂದು ಯೋಜನೆಯೊಳಗೆ ಸೇರಿಸಿದೆವು ಎಂದು ಹೇಳಿ ಕೈ ತೊಳೆದುಕೊಂಡಿತು. ಅದೇ 2022ರಲ್ಲಿ ಸಂಸ್ಥೆ ತನ್ನ ಮೊದಲ ಬಿಟೆಕ್ ಶುರುಮಾಡಿತು. ಯಾವ ವಿಷಯದಲ್ಲಿ? 'ಮ್ಯಾಥಮ್ಯಾಟಿಕ್ಸ್ ಅಂಡ್ ಕಂಪ್ಯೂಟಿಂಗ್'. ಬರೀ ಗಣಿತ ಎಂದರೆ ತಿರುಗಿಯೂ ನೋಡದವರು 'ಅಂಡ್ ಕಂಪ್ಯೂಟಿಂಗ್' ಎಂಬ ಬಾಲ ಕಟ್ಟಿದೊಡನೆ ಜೆಇಇ ಅಡ್ವಾನ್ಸ್ಡ್‌ನ ಮುಂಚೂಣಿಯ ರ‍್ಯಾಂಕು ಹಿಡಿದು ಓಡಿ ಬಂದರು. ಕೋರ್ಸು ಗಟ್ಟಿಯಾಗಿಯೇ ಇದೆ, ಪಾಠ ಹೇಳುವವರು ಘಟಾನುಘಟಿಗಳು. ನನ್ನ ಪ್ರಶ್ನೆ ಬೇರೆ. ದೇಶದ ತಲೆಯಾಳು ಎನಿಸಿಕೊಂಡ ಸಂಸ್ಥೆಯೂ ಸಂತೆಯ ಕೂಗಿಗೆ ಕಿವಿಗೊಟ್ಟು ಬೋರ್ಡು ಬರೆಸಿದರೆ, "ಹಾಗಲ್ಲ ಮಕ್ಕಳೇ" ಎಂದು ಹೇಳುವವರು ಯಾರು ಉಳಿದರು?

ಆ ಸಂಸ್ಥೆಯ ಚರಿತ್ರೆಯೇ ಈ ಕೂಗಿಗೆ ಉತ್ತರ. ಅಲ್ಲಿ ಕಂಪ್ಯೂಟರ್ ವಿಭಾಗ ಹುಟ್ಟಿದ್ದು 1969ರಲ್ಲಿ, ಸ್ಕೂಲ್ ಆಫ್ ಆಟೊಮೇಷನ್ ಎಂಬ ಹೆಸರಿನಲ್ಲಿ. ಆಗ ನಿರ್ದೇಶಕರು ಸತೀಶ್ ಧವನ್. ಅವರು ಲಾಹೋರಿನಲ್ಲಿ ಗಣಿತ ಮತ್ತು ಭೌತಶಾಸ್ತ್ರ ಓದಿದರು, ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿದರು, ನಡುವೆ ಇಂಗ್ಲಿಷ್ ಸಾಹಿತ್ಯದಲ್ಲಿ ಎಂಎಯನ್ನೂ ಮಾಡಿದರು. ಇವತ್ತು ಯಾರಾದರೂ ಹೀಗೆ ಓದಿದರೆ "ತಲೆ ನಿಲ್ಲದ ಹುಡುಗ" ಎನ್ನುತ್ತೇವೆ. ಆ ತಲೆ ನಿಲ್ಲದವರು ಇಸ್ರೋವನ್ನು ಕಟ್ಟಿ ನಿಲ್ಲಿಸಿದರು. 1974ರಲ್ಲಿ ಅದೇ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರು 'ಅಸ್ತ್ರ' ಎಂಬ ಕೇಂದ್ರ ಕಟ್ಟಿದರು, ಹಳ್ಳಿಗೆ ಬೇಕಾದ ತಂತ್ರಜ್ಞಾನಕ್ಕಾಗಿ. ಅವರು ವಿದ್ಯುತ್ ರಸಾಯನಶಾಸ್ತ್ರದ ಪ್ರಾಧ್ಯಾಪಕರು. ಅಲ್ಲಿಂದ ಬಂದದ್ದೇ ಅಸ್ತ್ರ ಒಲೆ. ಮೂರು ಪಾತ್ರೆ ಒಟ್ಟಿಗೆ ಇಡಬಹುದಾದ, ಹೊಗೆಯನ್ನು ಕೊಳವೆಯಲ್ಲಿ ಹೊರಗೆ ಕಳಿಸುವ ಆ ಮಣ್ಣಿನ ಒಲೆ ನಮ್ಮ ಚಿಕ್ಕಮ್ಮನ ಅಡುಗೆಮನೆಯಲ್ಲೂ ಇತ್ತು. ಕೊಳವೆ ಬಂದ ಮೇಲೆ ಅವರು ಊದುಗೊಳವೆ ಹಿಡಿದು ಕಣ್ಣೊರೆಸಿಕೊಳ್ಳುವುದು ಕಡಿಮೆಯಾಯಿತು. ಯಾವ ಪ್ಯಾಕೇಜಿನ ಪಟ್ಟಿಯಲ್ಲಿ ಬರೆಯುತ್ತೀರಿ ಇದನ್ನು? 'ಗ್ರಾಮೀಣ ಒಲೆ' ಎಂಬ ಬ್ರಾಂಚಿನ ಕಟಾಫ್ ಎಷ್ಟು?

ಗಿರಾಕಿಯಿಲ್ಲದ ವಿದ್ಯೆ ದಂಡ ಎನ್ನುವವರನ್ನು ನಾನು ಹೊಸಪೇಟೆಗೆ ಕರೆಯುತ್ತೇನೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 33 ಗೇಟುಗಳ ಪೈಕಿ 19ನೆಯದರ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. ಜಲಾಶಯ ತುಂಬಿತ್ತು. ಕೊಪ್ಪಳ, ರಾಯಚೂರು, ಬಳ್ಳಾರಿಯ ರೈತರು ಹಿಂಗಾರಿನ ಬೆಳೆಗೆ ನೆಚ್ಚಿಕೊಂಡ ನೀರು ಹಗಲೂ ರಾತ್ರಿ ನದಿಗೆ ಹರಿಯಿತು. ಹರಿಯುವ ನೀರಿನಲ್ಲೇ ತಾತ್ಕಾಲಿಕ ತಡೆ ಇಳಿಸಬೇಕಿತ್ತು. ಐಟಿ ರಾಜಧಾನಿಯ ಹಿರಿಮೆ ಹೊತ್ತ ಈ ರಾಜ್ಯ ಆಗ ಯಾರನ್ನು ಕರೆಸಿತು? ನಿವೃತ್ತರಾಗಿ ಎಷ್ಟೋ ವರ್ಷವಾಗಿದ್ದ, ಎಂಬತ್ತರ ಆಸುಪಾಸಿನ ಗೇಟು ತಜ್ಞ ಕನ್ನಯ್ಯ ನಾಯ್ಡು ಅವರನ್ನು. ಆ ಹಿರಿಯರು ಅಣೆಕಟ್ಟೆಯ ಮೇಲೆ ನಿಂತು ಕೆಲಸ ಮಾಡಿಸಿದರು. ಒಂದು ವಾರದೊಳಗೆ ಉಕ್ಕಿನ ಸ್ಟಾಪ್ ಲಾಗ್‌ಗಳು ಒಂದರ ಮೇಲೊಂದು ಇಳಿದವು, ನೀರು ನಿಂತಿತು. ನಾವು ಟೀವಿ ಮುಂದೆ ಕೂತು ಚಪ್ಪಾಳೆ ತಟ್ಟಿದೆವು.

ಚಪ್ಪಾಳೆಯ ಜೊತೆ ಬೆವರು ಬರಬೇಕಿತ್ತು. ಎಂಬತ್ತರ ಹಿರಿಯರನ್ನು ಕರೆಸಬೇಕಾಯಿತೆಂದರೆ ನಲವತ್ತರವರು ಎಲ್ಲಿ? ಇನ್ನು ಇಪ್ಪತ್ತು ವರ್ಷಕ್ಕೆ ಇನ್ನೊಂದು ಸರಪಳಿ ಹರಿದಾಗ ಯಾರಿಗೆ ಫೋನ್ ಮಾಡುತ್ತೇವೆ? ಸೈಬರ್ ಸೆಂಟರಿನಲ್ಲಿ ಕೊನೆಯ ಆಪ್ಷನ್ನಾಗಿ ಸಿವಿಲ್ ಹಾಕಿಸಿಕೊಂಡ, ಅದರ ಸರದಿ ಬರುವ ಮೊದಲೇ ಎಐಎಂಎಲ್ ಸೇರಿದ ಹುಡುಗಿಗೆ? 2018ರಲ್ಲಿ ಕೊಡಗಿನ ಬೆಟ್ಟ ಜಾರಿತು. 2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಹೆದ್ದಾರಿಗೆಂದು ಕಡಿದ ಗುಡ್ಡ ಜಾರಿ ಮನುಷ್ಯರನ್ನೂ ಲಾರಿಯನ್ನೂ ಗಂಗಾವಳಿಗೆ ತಳ್ಳಿತು. 2022ರಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆಯ ಐಟಿ ಉದ್ಯೋಗಿಗಳು ಟ್ರ್ಯಾಕ್ಟರಿನಲ್ಲಿ ಕೂತು ಆಫೀಸಿಗೆ ಹೋದರು; 2024ರ ಬೇಸಿಗೆಯಲ್ಲಿ ಅದೇ ಊರಿನ ಬೋರ್‌ವೆಲ್ ಬತ್ತಿ ಟ್ಯಾಂಕರಿಗೆ ಕ್ಯೂ ನಿಂತರು. ನೀರು ಎಲ್ಲಿ ಇಂಗುತ್ತದೆ, ಎಲ್ಲಿ ಹರಿಯುತ್ತದೆ, ಯಾವ ಇಳಿಜಾರು ಎಷ್ಟು ಕಡಿದರೆ ನಿಲ್ಲುತ್ತದೆ ಎಂದು ಹೇಳುವ ವಿದ್ಯೆಗಳು ಭೂವಿಜ್ಞಾನ, ಸಿವಿಲ್, ಪರಿಸರ ವಿಜ್ಞಾನ. ನಾವು ಪಟ್ಟಿಯ ಕೊನೆಯಲ್ಲಿ ಹಾಕುವಂಥವು. ಲಾಲ್‌ಬಾಗಿನ ಬಂಡೆ ಸುಮಾರು ಮುನ್ನೂರು ಕೋಟಿ ವರ್ಷ ಹಳೆಯದು. ಅದರ ಮೇಲೆ ಕೂತು ಸೆಲ್ಫಿ ತೆಗೆದುಕೊಳ್ಳುವ ಊರಿಗೆ ಕಾಲಡಿಯ ಕಲ್ಲನ್ನು ಓದುವವರು ಬೇಡವಾಗಿದ್ದಾರೆ.

ಕಲೆ ಮತ್ತು ಸಮಾಜ ವಿಜ್ಞಾನದ ಪಾಡು ಹೇಳುವುದೇ ಬೇಡ. ಪಿಯುಸಿಯಲ್ಲಿ ಎಚ್‌ಇಪಿಎಸ್ ತೆಗೆದುಕೊಂಡವನನ್ನು ಫೇಲಾದವನಂತೆ ನೋಡುವ ಇದೇ ಜನ, ಚುನಾವಣೆ ಬಂದಾಗ ಟೀವಿಯಲ್ಲಿ ಕೂತು 'ಪ್ರಬಲ ಜಾತಿ' ಎಂದು ಬಾಯಿ ತುಂಬ ಮಾತಾಡುತ್ತಾರೆ. ಆ ಪರಿಕಲ್ಪನೆ ಕೊಟ್ಟವರು ಮೈಸೂರಿನ ಎಂ.ಎನ್. ಶ್ರೀನಿವಾಸ್, ಮಹಾರಾಜ ಕಾಲೇಜಿನಲ್ಲಿ ಓದಿದ್ದು ಸಮಾಜ ತತ್ತ್ವಶಾಸ್ತ್ರ. ಸ್ಕೋಪಿಲ್ಲದ್ದು.

ಇಷ್ಟು ಹೇಳಿದಾಗ ಒಂದು ಅಸ್ತ್ರ ತೆಗೆಯುತ್ತಾರೆ, ಒಲೆಯಲ್ಲ, ನಿಜವಾದದ್ದು. "ನಿಮಗೇನ್ರೀ, ಹೊಟ್ಟೆ ತುಂಬಿದೆ. ಬಡವರ ಮಕ್ಕಳಿಗೆ ಕೆಲಸ ಬೇಡವೇ?" ಬಡವರ ಹೆಸರಿನಲ್ಲಿ ಈ ಮಾತಾಡುವವರು ಯಾರು ಎಂದು ಗಮನಿಸಿ: ಮ್ಯಾನೇಜ್‌ಮೆಂಟ್ ಕೋಟಾದಲ್ಲಿ ಸಿಎಸ್ ಸೀಟು ಲಕ್ಷಗಟ್ಟಲೆಗೆ ಮಾರುವವರು. ಮೇಲಿನ ರ‍್ಯಾಂಕಿನ ಸಿಎಸ್ ಸೀಟು ಹೋಗುವುದು ಎರಡು ವರ್ಷ ಹಾಸ್ಟೆಲ್ ಸಮೇತ ಕೋಚಿಂಗ್ ಕೊಡಿಸಬಲ್ಲವರ ಮಕ್ಕಳಿಗೆ. ಮೊದಲ ಬಾರಿಗೆ ಡಿಗ್ರಿ ನೋಡುವ ಮನೆಯ ಮಗುವಿಗೆ ಉಳಿಯುವುದು ಊರ ಹೊರಗಿನ ಕಾಲೇಜಿನ, ಎರಡು ಚಾಪ್ಟರ್ ಮುಂದಿರುವ ಮೇಷ್ಟ್ರ ಸಿಎಸ್. ಅದಕ್ಕೂ ತಂದೆ ಅರ್ಧ ಎಕರೆ ಅಡ ಇಡುತ್ತಾನೆ. ಡಿಗ್ರಿ ಮುಗಿದಮೇಲೆ ರಾಜಾಜಿನಗರದಲ್ಲೋ ಬಿಟಿಎಂ ಲೇಔಟಿನಲ್ಲೋ ಇನ್ನೊಂದು ಕೋರ್ಸಿಗೆ ದುಡ್ಡು ಕಟ್ಟಬೇಕು, ಯಾಕೆಂದರೆ ನಾಲ್ಕು ವರ್ಷದಲ್ಲಿ ಕಲಿಸಬೇಕಾದ್ದನ್ನು ಕಲಿಸಿಲ್ಲ. ಬಡವರ ಹಿತ ಎಂದರೆ ಇದೇ? ಬಡವರ ಮಗಳು ಆ ಹಾಳೆಯಲ್ಲಿ ನಾಲ್ಕು ಸಲ ಸಿವಿಲ್ ಎಂದು ಬರೆದಿದ್ದಳು. ಅವಳ ಮಾತನ್ನು ಕೇಳದೆ ಅವಳ ಹಿತ ಹೇಳುವುದಕ್ಕೆ ಇವರಿಗೆ ಅಧಿಕಾರ ಕೊಟ್ಟವರು ಯಾರು?

ಸರ್ಕಾರಕ್ಕೂ ಬಾಯಿ ತೆರೆಯುವ ಹಕ್ಕಿಲ್ಲ. ಸಿವಿಲ್‌ಗೆ ಕೆಲಸವಿಲ್ಲ ಎಂಬ ಮಾತು ಹುಟ್ಟಿದ್ದೇ ಎಂಜಿನಿಯರ್ ಹುದ್ದೆ ಖಾಲಿ ಬಿಟ್ಟು, ಕೆಪಿಎಸ್‌ಸಿ ನೇಮಕಾತಿಯನ್ನು ವರ್ಷಗಟ್ಟಲೆ ಕುಂಟಿಸಿ, ಕೆಲಸವನ್ನೆಲ್ಲ ಗುತ್ತಿಗೆದಾರನ ಕೈಗೆ ಕೊಟ್ಟವರಿಂದ. ಡಿಗ್ರಿ ಕಾಲೇಜುಗಳಲ್ಲಿ ವಿಜ್ಞಾನದ ಪಾಠ ಅತಿಥಿ ಉಪನ್ಯಾಸಕರ ಹೆಗಲ ಮೇಲಿದೆ. ಅವರು ಪ್ರತಿ ವರ್ಷ ಸೇವಾ ಭದ್ರತೆಗಾಗಿ ಬೀದಿಯಲ್ಲಿ ಕೂರುತ್ತಾರೆ. ಮೇಷ್ಟ್ರನ್ನು ಬೀದಿಯಲ್ಲಿ ಕೂರಿಸಿ ವಿಷಯಕ್ಕೆ ಮಕ್ಕಳಿಲ್ಲ ಎಂದು ಅಳುವುದು ಯಾವ ನ್ಯಾಯ?

ಸಾಕು. ಬೋಧನೆ, ಜಾಗೃತಿ, ವಿಚಾರ ಸಂಕಿರಣ ಇನ್ನು ಬೇಡ. ಹದಿನೇಳರ ಮಗು ಬ್ರಾಂಚ್ ಆರಿಸಬೇಕು ಎಂಬ ಪದ್ಧತಿಯನ್ನೇ ಕಿತ್ತುಹಾಕಿ. ಸಿಇಟಿಯಲ್ಲಿ ಕಾಲೇಜಿಗೆ ಸೀಟು ಕೊಡಿ. ಬ್ರಾಂಚ್ ಮೂರು ಸೆಮಿಸ್ಟರ್ ಆದಮೇಲೆ. ಇದು ಆಗದ ಹೋಗದ ಮಾತಲ್ಲ, ಮಲ್ಲೇಶ್ವರದ ಪರೀಕ್ಷಾ ಪ್ರಾಧಿಕಾರದಿಂದ ನಡೆದು ಹೋಗುವಷ್ಟು ದೂರದಲ್ಲಿ ಒಂದು ಸಂಸ್ಥೆ 2011ರಿಂದ ಇದನ್ನೇ ಮಾಡುತ್ತಿದೆ. ಅದೇ ಆಪ್ಷನ್ ಎಂಟ್ರಿಯ ಪರದೆಯ ಮೇಲೆ, ಪ್ರತಿ ಕಾಲೇಜಿನ ಪ್ರತಿ ಬ್ರಾಂಚಿನ ಎದುರು, ಹೋದ ವರ್ಷ ನಡುಮಧ್ಯದ ವಿದ್ಯಾರ್ಥಿಗೆ ಸಿಕ್ಕ ಸಂಬಳ, ಕೆಲಸ ಸಿಗದವರ ಸಂಖ್ಯೆ, ಆ ವಿಷಯವನ್ನೇ ಓದಿ ಬಂದ ಕಾಯಂ ಮೇಷ್ಟ್ರುಗಳ ಸಂಖ್ಯೆ ಕಾಣಿಸಲಿ. ಸುಳ್ಳು ಹೇಳಿದ ಕಾಲೇಜಿನ ಆ ಬ್ರಾಂಚು ಆ ವರ್ಷವೇ ರದ್ದಾಗಲಿ. ಒಂದು ಹೊಸ ಸಿಎಸ್ ಸೆಕ್ಷನ್ ಬೇಕೆಂದು ಬರುವ ಕಾಲೇಜು ಮೊದಲು ತನ್ನ ಸಿವಿಲ್, ಮೆಕ್ಯಾನಿಕಲ್ ವಿಭಾಗಗಳನ್ನು ಮೇಷ್ಟ್ರ ಸಮೇತ ಉಳಿಸಿ ತೋರಿಸಲಿ. ಸರ್ಕಾರಿ ಕಾಲೇಜುಗಳಲ್ಲಿ ಭೂವಿಜ್ಞಾನ, ಸಂಖ್ಯಾಶಾಸ್ತ್ರ, ಗಣಿತ, ಸಿವಿಲ್ ಓದುವವರಿಗೆ ಶುಲ್ಕವಿರಕೂಡದು, ತಿಂಗಳ ವೇತನ ಇರಬೇಕು, ಓದು ಮುಗಿಯುವ ವರ್ಷವೇ ನೇಮಕಾತಿ ಪರೀಕ್ಷೆ ನಡೆಯಬೇಕು. ಕೇಂದ್ರ ನಿಲ್ಲಿಸಿದ ಕೆವಿಪಿವೈಯನ್ನು ರಾಜ್ಯ ತನ್ನ ಹೆಸರಿನಲ್ಲಿ ನಡೆಸಲಿ, ಪ್ರಶ್ನೆಪತ್ರಿಕೆ ಕನ್ನಡದಲ್ಲೂ ಇರಲಿ. ದುಡ್ಡೆಲ್ಲಿ ಎನ್ನಬೇಡಿ. ಮೇಲ್ಸೇತುವೆಗೆ, ಸುರಂಗಕ್ಕೆ ಸಿಗುವ ದುಡ್ಡು ಅದನ್ನು ಕಟ್ಟಬಲ್ಲವರನ್ನು ತಯಾರು ಮಾಡಲು ಮಾತ್ರ ಸಿಗುವುದಿಲ್ಲವೇ?

ಇನ್ನೊಂದು ಉಳಿದಿದೆ. ಪ್ರತಿ ಸೆಪ್ಟೆಂಬರ್ 15ರಂದು ರಾಜ್ಯದ ಎಲ್ಲ ಎಂಜಿನಿಯರಿಂಗ್ ಕಾಲೇಜುಗಳಲ್ಲೂ ಪೇಟ ತೊಟ್ಟ ಒಂದು ಫೋಟೋಗೆ ಹಾರ ಹಾಕುತ್ತಾರೆ. ಆ ಮನುಷ್ಯ ಸೆಂಟ್ರಲ್ ಕಾಲೇಜಿನಲ್ಲಿ 1881ರಲ್ಲಿ ಪಡೆದದ್ದು ಬಿಎ. ಆಮೇಲೆ ಪುಣೆಗೆ ಹೋಗಿ ಓದಿದ್ದು ಸಿವಿಲ್. ಅವರಿಗೆ ಹೆಸರು ತಂದ ಮೊದಲ ದೊಡ್ಡ ಕೆಲಸಗಳಲ್ಲೊಂದು 1903ರಲ್ಲಿ ಖಡಕ್‌ವಾಸ್ಲಾ ಜಲಾಶಯಕ್ಕೆ ಕೂರಿಸಿದ ಗೇಟುಗಳು. ಹೌದು, ಅಣೆಕಟ್ಟೆಯ ಗೇಟುಗಳೇ. ನಾನು ಭಾಷಣಕ್ಕೆ ಹೋಗಿದ್ದ ಒಂದು ಕಾಲೇಜಿನಲ್ಲಿ ಹಾರ ಹಾಕಿದ ಪ್ರಿನ್ಸಿಪಾಲರು ಆ ವರ್ಷ ಸಿವಿಲ್‌ಗೆ ಸೇರಿದವರು ಐದು ಮಂದಿ ಎಂದು ಊಟದ ಹೊತ್ತಿಗೆ ಮೆಲ್ಲಗೆ ಹೇಳಿದರು. ಮೆಲ್ಲಗೆ ಬೇಡ. ಬರುವ ಸೆಪ್ಟೆಂಬರ್ 15ಕ್ಕೆ ಹಾರ ಹಾಕುವ ಮುನ್ನ ಪ್ರತಿ ಪ್ರಿನ್ಸಿಪಾಲರೂ ಮೈಕಿನಲ್ಲಿ ಮೂರು ಅಂಕಿ ಓದಲಿ: ನಮ್ಮಲ್ಲಿ ಸಿವಿಲ್ ಸೀಟು ಇಷ್ಟಿತ್ತು, ಈಗ ಇಷ್ಟಿದೆ, ಮೇಷ್ಟ್ರು ಇಷ್ಟು ಮಂದಿ. ಓದಲು ನಾಚಿಕೆಯಾದರೆ ಫೋಟೋ ಇಳಿಸಿ, ಆ ಮೊಳೆಗೆ ಹೈಯೆಸ್ಟ್ ಪ್ಯಾಕೇಜಿನ ಫ್ಲೆಕ್ಸನ್ನೇ ತೂಗುಹಾಕಲಿ.